ನೈಟ್ ಪಾಳಿಯ ರಜೆ

ಸಗರನಾಡಿಗೆ ರಾತ್ರಿ ದುಡಿಮೆ ಹೊಸದಲ್ಲ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸುರಪುರ, ಶಹಾಪುರದ ಕಡೆ ರೈತರು ತಮ್ಮ ಪಾಳಿ ನಟ್ಟಿರುಳಿಗೆ ಬಂದರೂ ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುತ್ತಾರೆ. ಆದರೆ ನೀರಿನ ಪಾಳಿ ಹಂಗಾಮಿನೊಂದಿಗೆ ಮುಗಿಯುತ್ತದೆ. ಕಾರ್ಖಾನೆಯ ಪಾಳಿಗೆ ಹಂಗಾಮೇ ಇಲ್ಲ.

ಈಗ ಸೈದಾಪುರದ ಹತ್ತಿರ ಕಡೇಚೂರು-ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ. ಕೃಷ್ಣೆ ದಾಟಿದರೆ ಹಟ್ಟಿಯ ಚಿನ್ನದ ಗಣಿ, ಯಾದಗಿರಿಯಿಂದ ರೈಲು ಹತ್ತಿದರೆ ವಾಡಿಯ ಸಿಮೆಂಟ್. ಕೆಲವು ಕಡೆ ರಾತ್ರಿ ಕೆಲಸ ತಪ್ಪಿಸಲಾಗದು, ನಿಜ. ಸಿಮೆಂಟಿನ ಗೂಡಿನೊಳಗೆ ಸರಕು 1,450 ಡಿಗ್ರಿಯವರೆಗೆ ಕಾಯಬೇಕು. ದಿನಾ ಆರಿಸಿ ಹೊತ್ತಿಸಿದರೆ ಒಳಗಿನ ಇಟ್ಟಿಗೆ ಸೀಳಿಹೋಗುತ್ತದೆ. ಗೂಡು ಆರಬಾರದು, ಸರಿ. ಮನುಷ್ಯ ಮಲಗಬೇಕಲ್ಲ!

ಮಲಗುವುದಾದರೂ ಎಲ್ಲಿ? ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೈಟ್ ಮುಗಿಸಿ ಬಂದವನ ತಲೆಯ ಮೇಲೆ ತಗಡು, ಇಲ್ಲವೆ ಕಾದ ಪರಸಿ. ಹತ್ತು ಗಂಟೆಗೆ ಕರೆಂಟು ಹೋಗುತ್ತದೆ, ಹನ್ನೊಂದಕ್ಕೆ ಯಾರೋ ಮದುವೆಯ ಕರೆ ಹೇಳಲು ಬರುತ್ತಾರೆ. ನೆಂಟರು ಬಂದಾಗ ಎದ್ದು ಕೂರದಿದ್ದರೆ ಸೊಕ್ಕು ಬಂತು ಎನ್ನುತ್ತಾರೆ. ಹೀಗೆ ಮೂರು ತಾಸು ಕಣ್ಣುಮುಚ್ಚಿದವನು ಮತ್ತೆ ರಾತ್ರಿ ಯಂತ್ರದ ಮುಂದೆ ನಿಲ್ಲಬೇಕು.

ದೇಹದ ಒಳಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರ ಹಿಂದಕ್ಕಿಂತ ಮುಂದಕ್ಕೆ ಸುಲಭವಾಗಿ ಸರಿಯುತ್ತದೆ. ಹಾಗಾಗಿ ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಬದಲಿಸುವುದು ಸಹ್ಯ. ಉಲ್ಟಾ ಬದಲಿಸಿದರೆ ಹೈರಾಣ. ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಹೇಳಿದೆ.

ಇನ್ನು ರಜೆಯ ಮಾತು. 1948ರ ಕಾರ್ಖಾನೆ ಕಾಯ್ದೆ ಬರೆದವರು ಇದನ್ನೂ ಯೋಚಿಸಿದ್ದರು: ನಡುರಾತ್ರಿ ದಾಟುವ ಪಾಳಿಯವನಿಗೆ ರಜೆಯೆಂದರೆ ಪಾಳಿ ಮುಗಿದ ಗಳಿಗೆಯಿಂದ 24 ತಾಸು. ಲೆಕ್ಕ ಹಾಕಿ. ಭಾನುವಾರ ಬೆಳಿಗ್ಗೆ 6ಕ್ಕೆ ನೈಟ್ ಮುಗಿಸಿದವನನ್ನು ಸೋಮವಾರ 6ಕ್ಕೇ ಫಸ್ಟ್ ಶಿಫ್ಟಿಗೆ ಕರೆಯಬಹುದು. ಹಗಲು ನಿದ್ದೆಗೆ ಹೋಯಿತು, ಸಂಜೆ ಸಂತೆಗೆ ಹೋಯಿತು, ರಾತ್ರಿ ನಿದ್ದೆ ಹತ್ತದು. ಮಕ್ಕಳ ಜೊತೆ ರೊಟ್ಟಿ ಮುರಿದದ್ದು ಯಾವಾಗ? ಇದರ ಮೇಲೆ 2023ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ, ಕಾರ್ಮಿಕ ಒಪ್ಪಿ ಬರೆದುಕೊಟ್ಟರೆ ವಾರದ 48 ತಾಸು ಮೀರದಂತೆ ದಿನಕ್ಕೆ 12 ತಾಸು ದುಡಿಸಲು ದಾರಿ ಮಾಡಿತು. ಗುತ್ತಿಗೆಯ ಹುಡುಗ ಒಲ್ಲೆ ಎಂದು ಬರೆದುಕೊಟ್ಟಾನೆಯೇ? ನನಗೆ ನಂಬಿಕೆಯಿಲ್ಲ.

ಪಾಳಿಪಟ್ಟಿ ಬರೆಯುವ ಸಾಹೇಬರೇ, ನೈಟ್ ಮುಗಿದ ಮೇಲೆ ಕನಿಷ್ಠ ಎರಡು ಪೂರ್ತಿ ರಾತ್ರಿ ಬಿಡುವು ಕೊಡಿ. ಪಟ್ಟಿಯನ್ನು ತಿಂಗಳ ಮೊದಲೇ ಕನ್ನಡದಲ್ಲಿ ಗೇಟಿಗೆ ಹಚ್ಚಿ. ಓಣಿಯವರೇ, ನೈಟ್ ಮುಗಿಸಿ ಬಂದವರಿಗೆ ಮದುವೆಯ ಕರೆಯನ್ನು ಸಂಜೆ ಹೇಳಿ.