ಸಾಮು ಮತ್ತು ಶ್ರಮಣ: ಗರಡಿಯಲ್ಲಿ ಕಲಿತ ಒಂದು ಪಾಠ

ಗರಡಿಯ ಅಭ್ಯಾಸಕ್ಕೆ ಕನ್ನಡದಲ್ಲಿ ‘ಸಾಮು’ ಎಂಬ ಹೆಸರಿದೆ. ಅದು ಸಂಸ್ಕೃತದ ‘ಶ್ರಮ’ ಶಬ್ದದ ತದ್ಭವ. ಜೈನ ಮುನಿಯನ್ನು ನಿರ್ದೇಶಿಸುವ ‘ಶ್ರಮಣ’ ಶಬ್ದದ ಮೂಲವೂ ಅದೇ ಧಾತು. ದೇಹವನ್ನು ಹುರಿಗೊಳಿಸುವವನ ದುಡಿಮೆಗೂ ದೇಹದ ಮಮಕಾರವನ್ನು ನೀಗಿಕೊಳ್ಳುವವನ ದುಡಿಮೆಗೂ ಹೀಗೆ ಬೇರು ಒಂದೇ. ನಿಘಂಟಿನಲ್ಲಿ ಈ ನಂಟನ್ನು ತೋರಿಸುವುದು ಸುಲಭ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಯ ಹುಡುಗನೊಬ್ಬ ಲಂಗೋಟಿ ಬಿಗಿದು ಅಖಾಡಕ್ಕೆ ಇಳಿದಾಗ ಅದೇ ನಂಟು ಕಠಿನ ಪರೀಕ್ಷೆಗೆ ಒಳಗಾಗುತ್ತದೆ. ಅಂಥ ಒಬ್ಬನ ಕಲಿಕೆಯ ವೃತ್ತಾಂತ ಆದಿಪುರಾಣದ ಒಂದು ಸಂದರ್ಭವನ್ನು ಹೊಸದಾಗಿ ಓದಲು ನೆರವಾಗುವಂತಿದೆ.

ಹುಡುಗನ ಊರು ಚಿಕ್ಕೋಡಿ ಸೀಮೆಯಲ್ಲಿತ್ತು. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಜೈನರಲ್ಲಿ ಬಹುಮಂದಿ ಒಕ್ಕಲುತನದವರು. ನೇಗಿಲು ಹಿಡಿದ ಕೈಗೆ ಕುಸ್ತಿಯೂ ಅಪರಿಚಿತವಲ್ಲ. ಶಾಹು ಮಹಾರಾಜರು ಕೊಲ್ಲಾಪುರದಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ತೆರೆದ ಮೇಲೆ ಈ ಸೀಮೆಯ ಪೈಲವಾನರಿಗೆ ಅದು ಯಾತ್ರಾಸ್ಥಳದಂತಾಯಿತು. 1959ರಲ್ಲಿ ಮೊದಲ ಹಿಂದ್ ಕೇಸರಿ ಬಿರುದನ್ನು ಗೆದ್ದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ಭಾಗದ ಯಕ್ಸಂಬಾದವರು. 1980ರ ದಶಕದಲ್ಲಿಯೂ ಆ ಹೆಸರನ್ನು ಹೇಳಿಯೇ ಹುಡುಗರನ್ನು ಗರಡಿಗೆ ಕರೆಯುತ್ತಿದ್ದರು. ಹನ್ನೆರಡರ ಈ ಹುಡುಗನೂ ಹಾಗೆಯೇ ಹೋದವನು.

ಮೊದಲ ತಡೆ ಮನೆಯಲ್ಲಿ ಬಂತು. ಗರಡಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದಗೊಳಿಸುತ್ತಾರೆ. ದಿನವೂ ಸಲಿಕೆಯಿಂದ ಅದನ್ನು ಅಗೆದು ಮೇಲೆ ಕೆಳಗೆ ಮಾಡದಿದ್ದರೆ ನೆಲ ಗಟ್ಟಿಯಾಗಿ ಬಿದ್ದವನ ಮೈ ಮುರಿಯುತ್ತದೆ. ಹೊಸಬರಿಗೆ ಮೊದಲು ಸಿಗುವ ಕೆಲಸ ಇದೇ. ಮೊಮ್ಮಗ ಮಣ್ಣು ಅಗೆಯುತ್ತಾನೆಂದು ತಿಳಿದ ಆಯಿ ಕೇಳಿದಳು: “ಚಾತುರ್ಮಾಸದಾಗ ಮಣ್ಣ ಅಗೀತಿ ಅಂತಲ್ಲ, ಅದರಾಗ ಎಷ್ಟು ಜೀವ ಅದಾವು ಗೊತ್ತೈತೇನ?” ಪೃಥ್ವಿಕಾಯಿಕ ಜೀವಗಳೆಂಬ ಪಾರಿಭಾಷಿಕ ಶಬ್ದ ಆಕೆಗೆ ಬೇಕಿರಲಿಲ್ಲ, ನೀರನ್ನು ಸೋಸಿ ಕುಡಿಯುವ, ಒಲೆಯ ಕಟ್ಟಿಗೆಯನ್ನು ತಟ್ಟಿ ನೋಡಿ ಇಡುವ ಅಭ್ಯಾಸದಿಂದ ಬಂದ ಪ್ರಶ್ನೆ ಅದು. ಹುಡುಗನ ಅಪ್ಪ ಒಕ್ಕಲಿಗನ ಉತ್ತರ ಕೊಟ್ಟ: “ಹೊಲಾನೂ ಅಗೀತೇವಲ್ಲವಾ, ಅದಕ್ಕೇನಂತಿ?” ಆಯಿ ಒಪ್ಪಲಿಲ್ಲ, ಬೇಡವೆಂದು ಹಟ ಹಿಡಿಯಲೂ ಇಲ್ಲ.

ಈ ಚಿಕ್ಕ ವಾದದ ಹಿಂದೆ ಶ್ರಾವಕಾಚಾರದ ದೊಡ್ಡ ವಿವೇಚನೆಯಿದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಭಾಗಿಸುತ್ತಾರೆ. ಕೊಲ್ಲಬೇಕೆಂದೇ ಮಾಡುವುದು ಮೊದಲನೆಯದು. ಅದು ಶ್ರಾವಕನಿಗೆ ಸರ್ವಥಾ ವರ್ಜ್ಯ. ಅಡುಗೆ ಮೊದಲಾದ ಮನೆಗೆಲಸದಲ್ಲಿ, ಬೇಸಾಯದಂಥ ಜೀವನೋಪಾಯದಲ್ಲಿ, ತನ್ನವರ ರಕ್ಷಣೆಯಲ್ಲಿ ಆಗುವ ಹಿಂಸೆ ಉಳಿದ ಮೂರು. ಅವುಗಳನ್ನು ಮಿತಗೊಳಿಸಬೇಕು, ಸಂಸಾರದಲ್ಲಿರುವ ತನಕ ಪೂರ್ಣವಾಗಿ ಬಿಡಲಾಗದು. ಗಂಗ ದೊರೆ ಮಾರಸಿಂಹ ಜೀವನದುದ್ದಕ್ಕೂ ಯುದ್ಧ ಮಾಡಿ, 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದ. 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತ ಕೈಕೊಂಡ ರಾಷ್ಟ್ರಕೂಟ ಇಂದ್ರರಾಜನ ಶಾಸನ ಅವನ ಚೆಂಡಾಟದ ಚಾತುರ್ಯವನ್ನು ಬಿಡದೆ ಕೊಂಡಾಡುತ್ತದೆ. ದೇಹದ ಪಟುತ್ವವನ್ನೂ ದೇಹತ್ಯಾಗವನ್ನೂ ಒಂದೇ ಕಲ್ಲಿನ ಮೇಲೆ ಬರೆಸಲು ಆ ಕಾಲದ ಜೈನರಿಗೆ ಸಂಕೋಚವಿರಲಿಲ್ಲ.

ಗರಡಿಯ ದಿನಚರಿ ಹುಡುಗನಿಗೆ ಹೊಸದೆನಿಸಲಿಲ್ಲ. ನಸುಕಿನಲ್ಲಿ ಏಳುವುದು, ಮಿಂದು ಮಡಿಯಾಗಿ ಬರುವುದು, ಆಹಾರದ ನಿಯಮ, ಬ್ರಹ್ಮಚರ್ಯ, ಗುರುವಿನ ಮಾತಿಗೆ ಎದುರಾಡದಿರುವುದು ಇವೆಲ್ಲ ಮನೆಯ ವ್ರತಗಳ ನೆರೆಹೊರೆಯವೇ. ದಂಡ, ಬಸ್ಕಿಗಳ ಎಣಿಕೆ ಜಪಮಣಿಯ ಎಣಿಕೆಯಂತೆ ಸಾಗುತ್ತಿತ್ತು. ಸೂರ್ಯಾಸ್ತದ ಮುನ್ನ ಉಣ್ಣಬೇಕಾದ್ದರಿಂದ ಸಂಜೆಯ ಜೋಡಿಗೆ ಅವನು ಮೊದಲೇ ಇಳಿದು ಮುಗಿಸುತ್ತಿದ್ದ. ವಸ್ತಾದರು ಅದಕ್ಕೆ ಆಕ್ಷೇಪಿಸಲಿಲ್ಲ. ಮೊಟ್ಟೆ, ಮಾಂಸದ ಮಾತು ಬಂದಾಗ ಹಾಲು, ತುಪ್ಪ, ಬದಾಮಿ, ಜೋಳದ ರೊಟ್ಟಿ ಸಾಕೆಂದು ಅವರೇ ತೀರ್ಮಾನ ಕೊಟ್ಟರು. ಗರಡಿಯ ಗೂಡಿನಲ್ಲಿದ್ದ ಮಾರುತಿಗೆ ಕೈಮುಗಿಯುವಾಗಲೂ ತೊಡಕಾಗಲಿಲ್ಲ. ಜೈನ ಪರಂಪರೆಯಲ್ಲಿ ಹನುಮಂತ ವಿದ್ಯಾಧರ ವಂಶದವನು, ಇಪ್ಪತ್ತನಾಲ್ಕು ಕಾಮದೇವರಲ್ಲಿ ಒಬ್ಬ, ಮೋಕ್ಷಗಾಮಿ. ಆ ಕಾಮದೇವರ ಸಾಲಿನಲ್ಲಿ ಮೊದಲಿಗ ಬಾಹುಬಲಿ. ಬಸದಿಯ ಪಂಡಿತರು ಇದನ್ನು ಹೇಳಿದ ಮೇಲೆ ಹುಡುಗನಿಗೆ ಬಸದಿಯಿಂದ ಗರಡಿಗೆ ಹೋಗುವ ದಾರಿ ಇನ್ನೂ ಹತ್ತಿರವಾಯಿತು.

ಕುಸ್ತಿಯ ನಿಜವಾದ ಪ್ರಶ್ನೆ ಎದುರಾದುದು ಹದಿನೇಳನೆಯ ವಯಸ್ಸಿನಲ್ಲಿ, ನೆರೆಯ ಊರಿನ ಜಾತ್ರೆಯ ಕಣದಲ್ಲಿ. ತೆಂಗಿನಕಾಯಿ ಕುಸ್ತಿಗಳನ್ನು ದಾಟಿ ಬೆಳ್ಳಿಯ ಕಡಗದ ಕುಸ್ತಿಗೆ ಅವನು ಬಂದಿದ್ದ. ಎದುರಾಳಿ ಅವನಿಗಿಂತ ಒಂದು ವರ್ಷ ಚಿಕ್ಕವನು. ಎಂಟು ಹತ್ತು ನಿಮಿಷದ ಸೆಣಸಾಟದ ನಂತರ ಇವನಿಗೆ ಸೊಂಟದ ಹಿಡಿತ ಸಿಕ್ಕಿತು. ಎತ್ತಿದ. ಕಾಲು ನೆಲ ಬಿಟ್ಟುದನ್ನು ಕಂಡ ಜನ ಎದ್ದು ನಿಂತು ಕೂಗಿದರು, ಹಲಗೆಯ ಬಡಿತ ಏರಿತು. ಆ ಗದ್ದಲದತ್ತ ಅವನ ಮನಸ್ಸು ಒಂದು ಗಳಿಗೆ ಹೊರಳಿತು, ಹಿಡಿತ ಸಡಿಲಿತು. ಎದುರಾಳಿ ಹೆಗಲ ಮೇಲೆ ಬಿದ್ದ; ಕೊರಳೆಲುಬು ಮುರಿಯಿತು. ನಿಯಮದಂತೆ ಗೆಲುವು ಇವನದೇ. ಕಡಗವನ್ನು ಕೈಗೆ ತೊಡಿಸಿದರು.

ಮನೆಯಲ್ಲಿ ಆಯಿ ಆ ಕಡಗವನ್ನು ದೇವರ ಮನೆಯಲ್ಲಿ ಇಡಲು ಬಿಡಲಿಲ್ಲ. ಬೈಯಲೂ ಇಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಮಾತ್ರ, “ಮೊದಲ ಅವರ ಮನೀಗೆ ಹೋಗಿ ಬಾ” ಎಂದಳು. ಅವನು ಹೋದ. ಆ ಹುಡುಗನ ತಂದೆ ಚಹಾ ಕೊಟ್ಟು, ಕುಸ್ತಿಯೊಳಗೆ ಇದೆಲ್ಲ ಆಗುವುದೇ ಎಂದು ಸಮಾಧಾನದ ಮಾತನಾಡಿದರು. ಮುರಿದ ಎಲುಬು ಅಷ್ಟರಲ್ಲಿ ಕೂಡಿತ್ತಾದರೂ ಆ ವರ್ಷದ ತಾಲೀಮು ಹೋಗಿತ್ತು. ಹುಡುಗ ಸಿಟ್ಟಾಗಿರಲಿಲ್ಲ. ಕುತೂಹಲದಿಂದೆಂಬಂತೆ ಒಂದೇ ಮಾತು ಕೇಳಿದ: “ಎತ್ತಿದ ಮ್ಯಾಲ ಕೈ ಯಾಕ ಬಿಟ್ಟಿ?”

ಕ್ಷಮೆ ಬೇಡಲು ಹೋದವನು ಆ ಪ್ರಶ್ನೆಗೆ ಉತ್ತರವಿಲ್ಲದೆ ಮರಳಿದ. ಬೇಕೆಂದು ಮಾಡಿರಲಿಲ್ಲ, ಆದ್ದರಿಂದ ಸಂಕಲ್ಪಿ ಹಿಂಸೆಯಲ್ಲ. ಎದುರಾಳಿ ಶತ್ರುವಲ್ಲ, ಆದ್ದರಿಂದ ವಿರೋಧಿ ಹಿಂಸೆಯೂ ಅಲ್ಲ. ಹಾಗಾದರೆ ಅದು ಏನು? ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರ ತಪ್ಪಿದ ಮನಸ್ಸಿನ ಪ್ರವೃತ್ತಿಯೇ ಅಲ್ಲಿ ದೋಷದ ಬೇರು. ಜನರ ಕೂಗಿಗೆ ಕಿವಿಗೊಟ್ಟ ಆ ಒಂದು ಗಳಿಗೆಗೆ ಇದಕ್ಕಿಂತ ನಿಖರವಾದ ಹೆಸರು ಸಿಗಲಾರದು.

ಕುಸ್ತಿಯನ್ನು ಬಿಡುತ್ತೇನೆಂದು ಅವನು ವಸ್ತಾದರಿಗೆ ಹೇಳಿದ. ಅವರು ಒಪ್ಪಿಕೊಂಡರು, ಆದರೆ ಒಂದು ತಿಂಗಳು ಬಂದು ಹೋಗಲು ಹೇಳಿದರು. ಆ ತಿಂಗಳು ಹೊಸ ಪಟ್ಟು ಯಾವುದನ್ನೂ ಕಲಿಸಲಿಲ್ಲ. ಜೋಡಿಯನ್ನು ಎತ್ತಿಸುತ್ತಿದ್ದರು, ಇಳಿಸುತ್ತಿದ್ದರು. “ಎತ್ತೂದು ಯಾರಿಗಾದ್ರೂ ಬರತೈತಿ ತಮ್ಮಾ, ಇಳಸೂದ ಕಲಿ. ಅವನ ಬೆನ್ನ ಮಣ್ಣ ಮುಟ್ಟೂ ತನಕ ಅವನ ಭಾರ ನಿಂದ.” ಎತ್ತುವಾಗ ಸೊಂಟ ಮತ್ತು ತೊಡೆಯ ಬಲ ಒಮ್ಮೆಗೇ ಸಿಡಿದರೆ ಸಾಕು. ಇಳಿಸುವಾಗ ಅದೇ ಸ್ನಾಯುಗಳು ಭಾರಕ್ಕೆ ಸೋಲದೆ, ಭಾರವನ್ನು ತಡೆಯುತ್ತಲೇ, ನಿಧಾನವಾಗಿ ಸಡಿಲಗೊಳ್ಳಬೇಕು. ಮಂಡಿ ಬಾಗಬೇಕು, ಉಸಿರು ಕಟ್ಟಬಾರದು, ಬೆರಳು ಕೊನೆಯವರೆಗೆ ಬಿಡಬಾರದು. ಮರುದಿನ ಮೈ ನೋಯುತ್ತಿದ್ದುದು ಎತ್ತಿದ್ದರಿಂದಲ್ಲ, ಇಳಿಸಿದ್ದರಿಂದ. ತಿಂಗಳು ಕಳೆದ ಮೇಲೆ ಅವನು ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಮುಂದೆ ಅವನು ಧಾರವಾಡಕ್ಕೆ ಓದಲು ಹೋಗಿ, ಕನ್ನಡ ತರಗತಿಯಲ್ಲಿ ಪಂಪನ ಆದಿಪುರಾಣವನ್ನು ಕಂಡ. 941ರ ಈ ಕಾವ್ಯಕ್ಕೆ ಆಧಾರ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಯೋಚಿಸುತ್ತಾರೆ: ಇಬ್ಬರೂ ಚರಮದೇಹಧಾರಿಗಳು, ಇದೇ ಅವರ ಕೊನೆಯ ಜನ್ಮ, ಇವರಿಗೆ ಸಾವಿಲ್ಲ; ಸಾಯುವುದು ಸೈನ್ಯ ಮಾತ್ರ. ಅದಕ್ಕಾಗಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳು ಏರ್ಪಡುತ್ತವೆ. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ಮೊದಲೆರಡರಲ್ಲಿ ಈ ಎತ್ತರವೇ ತಮ್ಮನಿಗೆ ಅನುಕೂಲ. ಮೂರನೆಯದರಲ್ಲಿ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿಯುತ್ತಾನೆ, ಆದರೆ ನೆಲಕ್ಕೆ ಅಪ್ಪಳಿಸುವುದಿಲ್ಲ. ಹಿರಿಯನೆಂಬ ಗೌರವ ಅವನನ್ನು ತಡೆಯುತ್ತದೆ. ಅವಮಾನಗೊಂಡ ಭರತ ಚಕ್ರರತ್ನವನ್ನು ಪ್ರಯೋಗಿಸುವುದು, ಅದು ಬಾಹುಬಲಿಯನ್ನು ಬಲವಂದು ನಿಲ್ಲುವುದು, ಗೆದ್ದವನಿಗೆ ರಾಜ್ಯದಲ್ಲಿ ಹೇಸಿಗೆ ಹುಟ್ಟುವುದು ಮುಂದಿನ ಕತೆ.

ವಿದ್ವಾಂಸರ ಗಮನ ಸಹಜವಾಗಿಯೇ ಚಕ್ರದ ಮೇಲೆ, ವೈರಾಗ್ಯದ ಮೇಲೆ ನೆಲೆಸಿದೆ. ಗರಡಿಯಿಂದ ಬಂದ ಈ ವಿದ್ಯಾರ್ಥಿಯ ಗಮನ ಅದಕ್ಕಿಂತ ಮುಂಚಿನ ಗಳಿಗೆಯಲ್ಲಿ ಸಿಕ್ಕಿಕೊಂಡಿತು. ಎರಡು ಸೇನೆಗಳ ಕಣ್ಣು ತನ್ನ ಮೇಲಿರುವಾಗ, ಗೆಲುವು ಕೈಯಲ್ಲಿರುವಾಗ, ಎತ್ತಿದ ಭಾರವನ್ನು ಕೈಬಿಡದಿರುವುದು ಎಂಥ ಸಾಮರ್ಥ್ಯವೆಂಬುದು ಅವನಿಗೆ ತೋಳಿನಿಂದಲೇ ಗೊತ್ತಿತ್ತು. ಬಾಹುಬಲಿಯ ವೈರಾಗ್ಯ ಚಕ್ರವನ್ನು ಕಂಡ ಮೇಲೆ ಥಟ್ಟನೆ ಹುಟ್ಟಿದುದೆಂದು ಓದುವುದು ರೂಢಿ. ಅಪ್ಪಳಿಸದ ಆ ತೋಳುಗಳಲ್ಲಿ ತ್ಯಾಗ ಆಗಲೇ ತೊಡಗಿತ್ತೆಂದು ಓದಲೂ ಪಠ್ಯದಲ್ಲಿ ಎಡೆಯಿದೆ. ಮುಂದೆ ವರ್ಷಕಾಲ ಪ್ರತಿಮಾಯೋಗದಲ್ಲಿ ಇಳಿಬಿಟ್ಟ ಕೈಗಳು ಈ ಕೈಗಳೇ.

ಹೋಲಿಕೆಗೆ ರನ್ನನ ಗದಾಯುದ್ಧ ಇದೆ. ಅವನೂ ಜೈನ ಕವಿ, ಅದೇ ಸೀಮೆಗೆ ದೂರವಲ್ಲದ ಮುದುವೊಳಲಿನವನು. ಅವನ ಭೀಮ ದುರ್ಯೋಧನನ ತೊಡೆ ಮುರಿದೇ ಪ್ರತಿಜ್ಞೆ ತೀರಿಸಿಕೊಳ್ಳಬೇಕು. ಕಥೆಯ ನ್ಯಾಯ ಹಾಗಿದೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ಭರತೇಶ ವೈಭವದಲ್ಲಿ ಅಣ್ಣತಮ್ಮಂದಿರ ಕಾಳಗ ನಡೆಯುವುದೇ ಇಲ್ಲ. ಭರತ ಮಾತಿನಿಂದಲೇ ತಮ್ಮನನ್ನು ಗೆಲ್ಲುತ್ತಾನೆ. ಮುರಿಯುವ ಗೆಲುವು ಒಂದು ಕಡೆ, ಕೈಯೇ ಸೋಕದ ಗೆಲುವು ಇನ್ನೊಂದು ಕಡೆ. ಇವೆರಡರ ನಡುವೆ ಪಂಪನ ಬಾಹುಬಲಿ ಕಣಕ್ಕೆ ಇಳಿದು, ಮೈಗೆ ಮೈ ತಾಗಿಸಿ, ಬಲವನ್ನು ಪೂರ್ತಿ ತೋರಿಸಿ, ಅದನ್ನು ತಾನೇ ತಡೆಹಿಡಿಯುತ್ತಾನೆ. ಎತ್ತಲಾರದವನಿಗೆ ಈ ಆಯ್ಕೆಯೇ ಇಲ್ಲ. ಗೃಹಸ್ಥನ ಅಹಿಂಸೆ ಅಶಕ್ತಿಯ ಇನ್ನೊಂದು ಹೆಸರೇ ಎಂಬ ಹಳೆಯ ಆಕ್ಷೇಪಕ್ಕೆ ಆದಿಪುರಾಣದ ಉತ್ತರ ಇಲ್ಲಿದೆ.

ಆ ವಿದ್ಯಾರ್ಥಿ ಈಗ ಐವತ್ತು ದಾಟಿದ್ದಾನೆ. ಊರಿನಲ್ಲಿ ಕಬ್ಬಿನ ಹೊಲ, ಸಂಜೆಗೆ ಗರಡಿ. ಪಂದ್ಯಗಳು ಮ್ಯಾಟಿಗೆ ಹೋಗಿವೆ, ಮಣ್ಣಿಗೆ ಬರುವ ಹುಡುಗರು ಕಡಿಮೆ. ಬಂದವರಿಗೆ ಮೊದಲ ವಾರ ಅವನು ಜೋಡಿ ಕೊಡುವುದಿಲ್ಲ. ಮೂಲೆಯಲ್ಲಿ ಮಣ್ಣು ತುಂಬಿದ ಗೋಣಿಚೀಲವೊಂದಿದೆ. ಅದನ್ನು ಎದೆಮಟ್ಟ ಎತ್ತಿ ಮತ್ತೆ ನೆಲಕ್ಕೆ ಇಡಬೇಕು. ಎಷ್ಟು ಸಲ ಎತ್ತಿದರೆಂದು ಅವನು ಎಣಿಸುವುದಿಲ್ಲ. ಬೆನ್ನು ತಿರುಗಿಸಿ ನಿಂತು ಕಿವಿಗೊಟ್ಟಿರುತ್ತಾನೆ. ಇಟ್ಟಾಗ ಸದ್ದು ಕೇಳಿದರೆ, “ಇನ್ನೊಮ್ಮೆ” ಎನ್ನುತ್ತಾನೆ.