ಗೌರಿಯ ಇಪ್ಪತ್ತೊಂದನೇ ದಿನ

ಆಫೀಸಲ್ಲಿದ್ದಾಗ ಅಮ್ಮನ ಫೋನು. "ಗೌರಿ ಬೆಳಗ್ಗಿಂದ ಕೂಗ್ತಿದಾಳೆ ಕಣೋ..." ಅಷ್ಟೇ. ದನ ಸಾಕಿದ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಸು ಬೆದೆಗೆ ಬಂದಿದೆ, ಡಾಕ್ಟ್ರಿಗೆ ಹೇಳು ಅಂತ.

ಮೂರು ಸಲ ಹೀಗೇ ಆಯ್ತು. ಬೆಳಗ್ಗೆ ಬೆದೆ ಕಂಡ್ರೆ ಸಂಜೆ ಇಂಜೆಕ್ಷನ್, ಸಂಜೆ ಕಂಡ್ರೆ ಮರುದಿನ ಬೆಳಗ್ಗೆ. ಎಲ್ಲರೂ ಹೇಳೋ ಲೆಕ್ಕ ಇದು. ಆ ಲೆಕ್ಕದಂತೇ ಕೊಡಿಸಿದ್ರೂ ಗಬ್ಬ ನಿಲ್ಲಲಿಲ್ಲ. ಒಂದು ಸಲ ತಪ್ಪಿದ್ರೆ ಮತ್ತೆ 21 ದಿನ ಕಾಯಬೇಕು. ಹಾಲು ಇಳೀತಾ ಬಂತು, ಹಿಂಡಿಯ ಖರ್ಚು ಇಳೀಲಿಲ್ಲ. "ಗೊಡ್ಡು ಬಿದ್ದಿದೆ, ಕೊಟ್ಬಿಡಿ ಅಮ್ಮಾ" ಅಂತ ಒಬ್ಬ ಎರಡು ಸಲ ಅಂಗಳಕ್ಕೆ ಬಂದು ಹೋದನಂತೆ. ಅಪ್ಪ ತೀರಿಕೊಂಡ ಮೇಲೆ ಆ ಮನೇಲಿ ಅಮ್ಮನಿಗೆ ಮಾತಾಡೋಕೆ ಇರೋದು ಗೌರಿ ಒಬ್ಬಳೇ.

ನಾನು ಡಾಕ್ಟ್ರಿಗೆ ಫೋನ್ ಮಾಡಿ, ಸ್ಟ್ರಾ ಸರಿ ಇಲ್ವೇನೋ ಅಂತ ಸ್ವಲ್ಪ ಜೋರಾಗೇ ಕೇಳಿದೆ. ಅವರು ತಣ್ಣಗೆ ಕೇಳಿದ್ರು, "ಬೆದೆ ನಿಮ್ಮ ಕಣ್ಣಿಗೆ ಬಿದ್ದಿದ್ದು ಬೆಳಗ್ಗೆ. ಶುರುವಾಗಿದ್ದು ಯಾವಾಗ?"

ಉತ್ತರ ಇರಲಿಲ್ಲ.

ಬೆದೆ ಇರೋದೇ ಸುಮಾರು 12ರಿಂದ 18 ಗಂಟೆ. ಎಷ್ಟೋ ಸಲ ರಾತ್ರಿಯೇ ಶುರುವಾಗತ್ತೆ. ನಾಲ್ಕಾರು ದನ ಬಿಟ್ಟಿರೋ ಕಡೆ ಒಂದರ ಮೇಲೊಂದು ಹತ್ತುತ್ತವೆ; ಹತ್ತಿಸಿಕೊಂಡು ಅಲುಗಾಡದೆ ನಿಂತಿದ್ದೇ ಬೆದೆಗೆ ಬಂದ ಹಸು. ಒಂಟಿಯಾಗಿ ಕಟ್ಟಿದ ಗೌರಿಯ ಮೇಲೆ ಯಾರು ಹತ್ತಬೇಕು? ನಾವೇ ನೋಡಬೇಕು.

ಆಗ ಅಪ್ಪ ನೆನಪಾದ್ರು. ದಿನಾ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗ್ತಿದ್ರು. ಕದ್ದು ಕವಳ ಹಾಕೋಕೆ ಅಂತ ನಾವೆಲ್ಲ ನಗ್ತಿದ್ವಿ :)

ಕ್ಯಾಲೆಂಡರ್ ನೋಡಿ, ಇಪ್ಪತ್ತನೇ ದಿನಕ್ಕೆ ಸರಿಯಾಗಿ ಊರಿಗೆ ಹೋದೆ. ಮೊದಲ ರಾತ್ರಿ ಏನಿಲ್ಲ. ಗೌರಿ ಮಲಗಿ ಆರಾಮಾಗಿ ಮೆಲುಕು ಹಾಕ್ತಿದ್ಲು. ಮರುದಿನ ರಾತ್ರಿ ಹತ್ತಕ್ಕೆ ಹೋದ್ರೆ ನಿಂತೇ ಇದಾಳೆ. ಹುಲ್ಲು ಮುಟ್ಟಿಲ್ಲ, ಕಿವಿ ನಿಮಿರಿದೆ, ಘಳಿಗೆಗೊಮ್ಮೆ ಉಚ್ಚೆ. ಬಾಲದ ಹತ್ತಿರ ಟಾರ್ಚ್ ಬಿಟ್ಟರೆ ಗಾಜಿನ ದಾರದಂಥ ಲೋಳೆ. ಕೂಗು ಮಾತ್ರ ಇನ್ನೂ ಶುರುವಾಗಿರಲಿಲ್ಲ. ಅಮ್ಮ ಕಾಯ್ತಿದ್ದದ್ದು ಆ ಕೂಗಿಗೆ!

ಬೆಳಗ್ಗೆಯೇ ಡಾಕ್ಟ್ರು ಬಂದ್ರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಸ್ಟ್ರಾ ತೆಗೆದು, 37 ಡಿಗ್ರಿ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ಗನ್ನಿಗೆ ಹಾಕಿ, ಐದು ನಿಮಿಷದಲ್ಲಿ ಕೆಲಸ ಮುಗಿಸಿದ್ರು. ಅಮ್ಮ ಗೌರಿಯ ಗಂಗೆದೊಗಲು ಸವರುತ್ತಾ ನಿಂತಿದ್ಲು.

21 ದಿನ ಕಳೀತು. ಗೌರಿ ಕೂಗಲಿಲ್ಲ. ಮೂರು ತಿಂಗಳಿಗೆ ಡಾಕ್ಟ್ರು ಕೈ ಹಾಕಿ ನೋಡಿ, ಗಬ್ಬ ನಿಂತಿದೆ ಅಂದ್ರಂತೆ. ಫೋನಲ್ಲಿ ಅದನ್ನ ಹೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಅಂದ್ಲು, "ನಿಮ್ಮಪ್ಪ ಕವಳ ಹಾಕೋಕೆ ಹೋಗ್ತಿರ್ಲಿಲ್ಲ ಕಣೋ."

ಈಗ ಟಾರ್ಚ್ ಅಮ್ಮನ ತಲೆದಿಂಬಿನ ಪಕ್ಕ ಇರತ್ತೆ.

ನಿಮ್ಮನೆ ಕೊಟ್ಟಿಗೇಲಿ ರಾತ್ರಿ ನೋಡ್ತಿದ್ದೋರು ಯಾರು?