ನೆಟ್ಟಗ ನಿಂದ್ರವ್ವ

ನಮ್ಮ ಸೀಮೆಯ ಶಿಲ್ಪಿಗಳಿಗೆ ನೆಟ್ಟಗೆ ನಿಂತ ಹೆಣ್ಣು ಅಷ್ಟಾಗಿ ಹಿಡಿಸಿದಂತಿಲ್ಲ. ಹರಪನಹಳ್ಳಿ ಕಡೆಯ ಬಾಗಳಿ ಕಲ್ಲೇಶ್ವರನ ಗುಡಿಯಲ್ಲಾಗಲಿ, ಹಡಗಲಿ ಕಡೆಯ ಕುರುವತ್ತಿ ಮಲ್ಲಿಕಾರ್ಜುನನ ಗುಡಿಯಲ್ಲಾಗಲಿ ಒಮ್ಮೆ ನಿಂತು ನೋಡಿ. ಕಲ್ಲಿನ ಹೆಣ್ಣು ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದು ಮೊಣಕಾಲನ್ನು ತುಸು ಮಡಿಸಿರುತ್ತಾಳೆ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ, ಕತ್ತು ಮತ್ತೆ ಸೊಂಟದ ಕಡೆಗೇ ವಾಲಿರುತ್ತದೆ. ಬಲ್ಲವರು ಇದನ್ನು ತ್ರಿಭಂಗಿ ಎಂದು ಕರೆದು ಕೊಂಡಾಡುತ್ತಾರೆ. ಅದೇ ಗುಡಿಯ ಎದುರಿನ ಓಣಿಯಲ್ಲಿ ಹದಿಮೂರರ ಹುಡುಗಿಯೊಬ್ಬಳು ಹಾಗೆ ನಿಂತರೆ ಅಜ್ಜಿಯ ಬಾಯಿಂದ ಬರುವ ಮಾತೇ ಬೇರೆ: “ನೆಟ್ಟಗ ನಿಂದ್ರವ್ವ, ನೋಡಿದೋರು ಏನಂದಾರು?”

ಈ ಎರಡು ಹೆಣ್ಣುಗಳ ನಡುವಿನ ದೂರ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಕಲ್ಲಿನವಳಿಗೆ ನಾವು ಸಾವಿರ ವರ್ಷದಿಂದ ಕೊಟ್ಟುಕೊಂಡು ಬಂದ ಸಲುಗೆಯಲ್ಲಿ ಕಾಲು ಭಾಗವನ್ನೂ ಜೀವ ಇರುವವಳಿಗೆ ಕೊಟ್ಟಿಲ್ಲ.

ಬಾಗಳಿಯ ಗುಡಿಗೆ ನಿಜವಾಗಿಯೂ ಸಾವಿರ ದಾಟಿದೆ. ದುಗ್ಗಿಮಯ್ಯ ಎಂಬವನು ಗುಡಿ ಕಟ್ಟಿಸಿದ್ದನ್ನು ಹೇಳುವ ಶಾಸನ ಕ್ರಿ.ಶ. 987ರದು, ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಕಾಲದ್ದು. ಸಭಾಮಂಟಪದ ಕಂಬಗಳ ಸಾಲಿನ ನಡುವೆ ನಡೆಯುತ್ತಾ ಹೋದರೆ ಬಿಸಿಲು ಮರೆತುಹೋಗುತ್ತದೆ. ಬಳಪದ ಕಲ್ಲನ್ನು ಚರಕಿ ಹಿಡಿದಂತೆ ಕಡೆದಿದ್ದಾರೆ. ಕಂಬದ ನಡು ಬೆರಳಿಗೆ ಬಳೆಯ ಅಂಚಿನಷ್ಟು ನುಣುಪಾಗಿ ಸಿಗುತ್ತದೆ. ಹೊರಗೋಡೆಯ ಮೇಲೆ ಮಿಥುನ ಶಿಲ್ಪಗಳಿವೆ. ಅವು ಇರುವುದರಿಂದಲೇ ಬಾಗಳಿಗೆ ಒಂದು ಥರದ ಹೆಸರು, ಒಂದು ಥರದ ಮುಜುಗರ.

ಶಾಲೆಯಿಂದ ಅಲ್ಲಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಹುಡುಗರು ಗುಡಿಯ ಸುತ್ತ ಎಷ್ಟು ಸುತ್ತು ಬೇಕಾದರೂ ಹಾಕಬಹುದಿತ್ತು. ಹುಡುಗಿಯರಿಗೆ ಮಂಟಪದಲ್ಲೇ ಕೂತು ಬುತ್ತಿ ಬಿಚ್ಚಲು ಹೇಳಿದರು. “ಆ ಕಡಿ ಹೆಣ್ಮಕ್ಕಳು ನೋಡುವಂಥದ್ದೇನಿಲ್ಲ” ಎಂದರು. ಗೋಡೆಯ ಮೇಲಿದ್ದದ್ದು ಹೆಣ್ಣಿನ ಮೈಯೇ. ಅದನ್ನು ನೋಡಬಾರದವರು ಮಾತ್ರ ಹೆಣ್ಣುಮಕ್ಕಳು. ಗಂಡಿನ ಕಣ್ಣಿಗೆ ಇರುವ ಹಕ್ಕು ಹೆಣ್ಣಿನ ಕಣ್ಣಿಗಿಲ್ಲ ಎಂಬ ಪಾಠವನ್ನು ಪುಸ್ತಕ ತೆರೆಯದೆ, ರೊಟ್ಟಿ ಮುರಿಯುತ್ತಾ ಕಲಿತೆವು.

ಬಾಗಳಿ ಇರುವ ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಬಸ್ಸಿನ ಬೋರ್ಡು, ಕಚೇರಿಯ ಮೊಹರು ಎಲ್ಲ ಬದಲಾದವು. ಹೆಣ್ಣುಮಕ್ಕಳಿಗೆ ಹೇಳುವ ಮಾತು ಬದಲಾಗಲಿಲ್ಲ. ಜೋರಾಗಿ ನಕ್ಕರೆ ಗಂಡುಬೀರಿ, ಎದುರು ಮಾತಾಡಿದರೆ ಬಾಯಿಬಡಕಿ, ಸುಮ್ಮನಿದ್ದರೆ ಮನೆತನಸ್ತಳು. ಈಗ ಇದಕ್ಕೆ ಟಿವಿಯೂ ಕೈಜೋಡಿಸಿದೆ. ಧಾರಾವಾಹಿಯ ಸೊಸೆ ಜರಿಸೀರೆಯಲ್ಲೇ ಮಲಗಿ ಜರಿಸೀರೆಯಲ್ಲೇ ಏಳುತ್ತಾಳೆ, ಅನ್ಯಾಯವಾದಾಗ ಕಣ್ಣು ತುಂಬಿಕೊಂಡು ಸಹಿಸುತ್ತಾಳೆ, ಸಹಿಸಿದ್ದಕ್ಕೆ ಒಳ್ಳೆಯವಳಾಗುತ್ತಾಳೆ. ಬಾಯಿ ತೆರೆಯುವವಳು ಕೆಟ್ಟವಳು. ಅವಳ ಹುಬ್ಬು ಮೊದಲೇ ಕೊಂಕಿರುತ್ತದೆ.

ಕಂಬದ ಮೇಲೂ ಪರದೆಯ ಮೇಲೂ ಇಲ್ಲದ ಹೆಣ್ಣು ಬಾಗಳಿಗೆ ಹೋಗುವ ದಾರಿಯ ಎರಡೂ ಕಡೆ ಸಿಗುತ್ತಾಳೆ. ಮೆಕ್ಕೆಜೋಳದ ಸಾಲಿನಲ್ಲಿ ಸೊಂಟ ಬಗ್ಗಿಸಿ ಕಳೆ ತೆಗೆಯುತ್ತಾಳೆ, ಶೇಂಗಾ ಬಿಡಿಸುತ್ತಾಳೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಬಿಗಿದ ಟವೆಲ್ಲು, ಬೆರಳ ಸಂದಿನಲ್ಲಿ ಕಪ್ಪು ಮಣ್ಣು. ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನವರೆಗೆ ಇಳಿದಿರುತ್ತದೆ. ಅವಳದೂ ಬಾಗಿದ ಮೈಯೇ. ಅದಕ್ಕೆ ಯಾವ ಶಾಸ್ತ್ರವೂ ಹೆಸರಿಟ್ಟಿಲ್ಲ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ಕೂಲಿ. ಖಾಸಗಿ ಹೊಲಕ್ಕೆ ಹೋದರೆ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಇವಳ ಬಗ್ಗೆ ಊರು ಆಡುವ ದೊಡ್ಡ ಹೊಗಳಿಕೆ ಎಂದರೆ “ಗಂಡಸಿನಂಗ ದುಡೀತಾಳ” ಎಂಬುದು. ದುಡಿಮೆಯೂ ಅವಳದಾಗಿ ಉಳಿಯಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಕಲ್ಲಿನವಳ ಕಥೆಯೂ ಇದೇ. ಬೇಲೂರಿನ ಗುಡಿಯ ಕೆಲವು ಮದನಿಕೆ ಶಿಲ್ಪಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕಡೆದವರ ಹೆಸರು ಉಳಿಯಿತು, ಅದು ನ್ಯಾಯವೇ. ಯಾರ ನಡೆ, ಯಾರ ಮುರಿದ ಸೊಂಟ ನೋಡಿ ಅವರು ಕಡೆದರೋ ಆ ನರ್ತಕಿಯ ಹೆಸರು ಕಲ್ಲಿಗೆ ಹತ್ತಲಿಲ್ಲ. ಶಿಲ್ಪ ಬಿಟ್ಟದ್ದನ್ನು ಒಮ್ಮೊಮ್ಮೆ ಶಾಸನ ತುಂಬಿಕೊಡುತ್ತದೆ. ಕಲ್ಯಾಣ ಚಾಲುಕ್ಯರ ಮನೆಯ ಅಕ್ಕಾದೇವಿ, ಇಮ್ಮಡಿ ಜಯಸಿಂಹನ ಅಕ್ಕ, ಕಿಸುಕಾಡು ನಾಡನ್ನು ಆಳಿದವಳು. 1047ರಲ್ಲಿ ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದಳು. ಅವಳಿಗೆ ಗುಣದ ಬೆಡಂಗಿ ಎಂಬ ಬಿರುದೂ ಇತ್ತು, ರಣಭೈರವಿ ಎಂಬ ಬಿರುದೂ ಇತ್ತು. ಒಬ್ಬಳೇ ಹೆಂಗಸಿನಲ್ಲಿ ಎರಡನ್ನೂ ಕಂಡು ಅಂಜದೆ ಬರೆದ ಶಾಸನಕಾರರ ಮೇಲೆ ನನಗೆ ಬಹಳ ಗೌರವ. ಆದರೆ ಶಾಸನ ಓದುವವರು ಕೆಲವರು, ಶಿಲ್ಪ ನೋಡುವವರು ಎಲ್ಲರೂ. ಹಾಗಾಗಿ ಕಲ್ಲಿನಲ್ಲಿ ಕನ್ನಡಿ ಹಿಡಿದವಳು ನಮ್ಮ ಮನಸ್ಸಿನಲ್ಲಿ ಉಳಿದಳು, ಕೋಟೆಗೆ ಮುತ್ತಿದವಳು ಪರೀಕ್ಷೆಯ ಪ್ರಶ್ನೆಯಾದಳು.

ಗುಡಿಯ ನರ್ತಕಿಯ ಮಾತು ಬಂತಲ್ಲ, ಅದನ್ನು ಹಾಗೇ ದಾಟಿ ಹೋಗಲು ಈ ಸೀಮೆಯವಳಾಗಿ ನನ್ನಿಂದ ಆಗದು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳ ಬದುಕು ಕಣ್ಣ ಮುಂದೆಯೇ ಇದೆ. ಕಟ್ಟಿದ್ದು ಬಡವರ, ದಲಿತರ ಮನೆಯ ಹುಡುಗಿಯರಿಗೆ. ದೇವದಾಸಿ ಪದ್ಧತಿ ನಿಷೇಧಕ್ಕೆ ಕರ್ನಾಟಕ 1982ರಲ್ಲೇ ಕಾನೂನು ಮಾಡಿತು. ಕಂಬದ ಮೇಲಿನ ನರ್ತಕಿಯನ್ನು ಸಂಸ್ಕೃತಿಯ ಕಿರೀಟ ಎನ್ನುವ ಜನವೇ ಈ ತಾಯಂದಿರ ಮಕ್ಕಳು ಶಾಲೆಗೆ ಸೇರುವಾಗ ತಂದೆಯ ಹೆಸರೇನು ಎಂದು ಕೇಳಿ ಮುಖ ನೋಡುತ್ತಾರೆ.

ಹರಪನಹಳ್ಳಿಯ ಹೆಸರನ್ನು ನಾಡಿನ ಅಡುಗೆಮನೆ, ಪಡಸಾಲೆಗಳಿಗೆ ಮುಟ್ಟಿಸಿದವಳೂ ಒಬ್ಬ ಹೆಣ್ಣುಮಗಳೇ. ಹರಪನಹಳ್ಳಿ ಭೀಮವ್ವ, ಹತ್ತೊಂಬತ್ತನೆಯ ಶತಮಾನದವರು, ಭೀಮೇಶಕೃಷ್ಣ ಅಂಕಿತದಲ್ಲಿ ಹಾಡು ಕಟ್ಟಿದವರು. ಗಂಡನನ್ನು ಕಳೆದುಕೊಂಡ ಮೇಲೂ ಹಾಡು ನಿಲ್ಲಿಸಲಿಲ್ಲ. ಆ ಕಾಲದಲ್ಲಿ ವಿಧವೆ ಶುಭಕಾರ್ಯದಲ್ಲಿ ಎದುರಿಗೆ ಬರುವಂತಿರಲಿಲ್ಲ. ಆರತಿ ತಟ್ಟೆ ಮುಟ್ಟಬಾರದ ಕೈಯವರು ಕಟ್ಟಿದ ಆರತಿಯ ಹಾಡನ್ನು ಮುತ್ತೈದೆಯರು ಬಾಯಿಪಾಠ ಮಾಡಿಕೊಂಡರು. ಹೆಂಗಸರು ಸಿಕ್ಕ ಸಂದಿನಲ್ಲೇ ದಾರಿ ಮಾಡಿಕೊಂಡ ಬಗೆ ಇದು. ಭೀಮವ್ವನವರ ಹಾಡನ್ನು ಭಕ್ತಿಯೆಂದು ಮಾತ್ರ ಓದುವುದು ಸಾಲದು. ಅಲ್ಲಿ ಒಂದು ಹಟವೂ ಇದೆ.

ಹೆಣ್ತನ ಹುಟ್ಟಿನಿಂದಲೇ ಬರುವುದು ಎಂದು ವಾದಿಸುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಎಲ್ಲಮ್ಮನ ಜೋಗತಿಯಾಗಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಾ ಬೆಳೆದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಸೀರೆಯ ಸೆರಗು ಹಿಡಿದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದರು. ಆ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ತಲೆ ಮೇಲೆ ಎಳ್ಕೋ, ಮೈ ಮುಚ್ಕೋ ಎಂದು ನಮಗೆ ಸದಾ ಹೇಳುವುದು ಅದೇ ಸೆರಗಿನ ಬಗ್ಗೆ. ಅವರ ಕೈಯಲ್ಲಿ ಅದು ಹರಸುವ ಅಧಿಕಾರವಾಗಿತ್ತು. ಹೆಣ್ಣಾಗಿ ಬದುಕಲು ಮನೆಯನ್ನೇ ಕಳೆದುಕೊಂಡ, ಬೀದಿಯ ಮಾತು ಕೇಳಿದ, ಸಾಯುವ ಹಂತಕ್ಕೆ ಹೋಗಿಬಂದ ಒಬ್ಬರು ಹೆಣ್ತನವನ್ನು ಇಷ್ಟು ಬೆಲೆ ಕೊಟ್ಟು ಪಡೆದುಕೊಂಡಿದ್ದಾರೆ. ಹುಟ್ಟಿನಿಂದ ಅದನ್ನು ಪಡೆದ ನಮ್ಮ ಹುಡುಗಿಯರಿಗೆ ಅದನ್ನು ನಾಚಿಕೆಯ ಗಂಟಾಗಿ ಕಟ್ಟಿಕೊಡುತ್ತಿದ್ದೇವೆ.

ಬಾಗಳಿ, ಕುರುವತ್ತಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಶಿಕ್ಷಕರಲ್ಲಿ, ತಂದೆತಾಯಂದಿರಲ್ಲಿ ನನ್ನದೊಂದು ಬೇಡಿಕೆ. ಹುಡುಗ ಹುಡುಗಿಯರನ್ನು ಒಟ್ಟಿಗೇ ಗುಡಿಯ ಸುತ್ತ ನಡೆಸಿ. ಕೇಳಿದ ಪ್ರಶ್ನೆಗೆ ವಯಸ್ಸಿಗೆ ತಕ್ಕ ಉತ್ತರ ಕೊಡಿ. ಶಾಸನದ ಕಲ್ಲಿನ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿಸಿ, ಅಕ್ಕಾದೇವಿಯ ಕಥೆ ಹೇಳಿ. ದಾರಿಯ ಹೊಲದಲ್ಲಿ ಕಳೆ ತೆಗೆಯುವ ತಾಯಿಯನ್ನು ಮಾತಾಡಿಸಿ, ಅವರ ಹೆಸರನ್ನು ಮಕ್ಕಳು ಕೇಳಿ ತಿಳಿದುಕೊಳ್ಳಲಿ.